‘ಬರಿಯ ಮುಸಲ್ಮಾನ’ ಎಂಬ ಉತ್ತರ

ಇಂಗ್ಲೆಂಡಿನ ಜನಗಣತಿಯ ಪತ್ರದಲ್ಲಿ ಮತಧರ್ಮವನ್ನು ಕುರಿತ ಪ್ರಶ್ನೆಯೊಂದು 2001ನೆಯ ಇಸವಿಯಿಂದ ಸೇರಿಕೊಂಡಿದೆ. ಅದರ ಕೆಳಗೆ ಮುದ್ರಿತವಾಗಿರುವ ಉತ್ತರಗಳಲ್ಲಿ ‘ಮುಸ್ಲಿಂ’ ಎಂಬುದು ಒಂದು. ಸುನ್ನಿ ಎಂದಾಗಲಿ ಶಿಯಾ ಎಂದಾಗಲಿ ಗುರುತು ಹಾಕುವುದಕ್ಕೆ ಅಲ್ಲಿ ಪ್ರತ್ಯೇಕ ಮನೆಗಳಿಲ್ಲ. 2021ರ ಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 39 ಲಕ್ಷ ಜನ, ಎಂದರೆ ಒಟ್ಟು ಜನಸಂಖ್ಯೆಯ ಶೇಕಡ 6.5ರಷ್ಟು ಮಂದಿ, ಆ ಒಂದೇ ಮನೆಯಲ್ಲಿ ಗುರುತು ಹಾಕಿದರು. ಮೀರ್‌ಪುರದ ಬೇಸಾಯಗಾರನ ಮೊಮ್ಮಗ, ಸದ್ದಾಮನ ಕಾಲದಲ್ಲಿ ಬಾಗ್ದಾದನ್ನು ಬಿಟ್ಟುಬಂದ ವೈದ್ಯನ ಮಗಳು, ಸಿಲ್ಹಟ್ಟಿನಿಂದ ಬಂದು ಹೋಟೆಲು ತೆರೆದವನ ಸಂಸಾರ, ಜಾಂಜಿಬಾರಿನಲ್ಲಿ ನೆಲೆಸಿದ್ದ ಗುಜರಾತಿ ವ್ಯಾಪಾರಿಯ ವಂಶಸ್ಥರು, ಇವರೆಲ್ಲರೂ ರಾಜ್ಯದ ಲೆಕ್ಕದಲ್ಲಿ ಒಂದೆ. ದ್ವೇಷಿಗಳ ಲೆಕ್ಕದಲ್ಲಿಯೂ ಇವರು ಒಂದೆಯೇ: 2017ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ನಗರದ ಮಸೀದಿಯಲ್ಲಿ ಆರು ಮಂದಿಯನ್ನೂ, 2019ರ ಮಾರ್ಚ್ ತಿಂಗಳಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 51 ಮಂದಿಯನ್ನೂ ಕೊಂದವರು ಯಾರ ಪಂಥವನ್ನೂ ವಿಚಾರಿಸಲಿಲ್ಲ. ಹೊರಗಿನ ಜಗತ್ತು ತಮ್ಮನ್ನು ಒಂದೇ ಎಂದು ಎಣಿಸುತ್ತಿರುವಾಗ ಒಳಗೇಕೆ ಈ ಭೇದ ಎಂಬ ಪ್ರಶ್ನೆ ಪಶ್ಚಿಮದ ನಾಡುಗಳಲ್ಲಿ ಹುಟ್ಟಿ ಬೆಳೆದ ತರುಣ ತರುಣಿಯರ ಮನಸ್ಸಿನಲ್ಲಿ ಏಳುವುದು ಸಹಜ. ಆ ಪ್ರಶ್ನೆಗೆ ಅವರಲ್ಲಿ ಅನೇಕರು ಕಂಡುಕೊಂಡಿರುವ ಸಮಾಧಾನವೆಂದರೆ, ‘ನಾನು ಸುನ್ನಿಯೂ ಅಲ್ಲ, ಶಿಯಾವೂ ಅಲ್ಲ, ಬರಿಯ ಮುಸಲ್ಮಾನ’ ಎಂಬುದು.

ಈ ಉತ್ತರದಲ್ಲಿರುವ ಔದಾರ್ಯವನ್ನು ಅಲ್ಲಗಳೆಯಲಾಗದು. ಹದಿಮೂರು ಹದಿನಾಲ್ಕು ಶತಮಾನಗಳ ಹಿಂದಿನ ವ್ಯಾಜ್ಯವೊಂದರ ಹೊರೆಯನ್ನು ತಾನು ಹೊರಬೇಕಾದ ಕಾರಣವಿಲ್ಲವೆಂದು ಹೇಳುವ ತಾರುಣ್ಯದಲ್ಲಿ ಧೈರ್ಯವುಂಟು. ಮನುಷ್ಯರನ್ನು ಕೂಡಿಸಬೇಕೆಂಬ ನೈಜವಾದ ಹಂಬಲವುಂಟು. ಆದರೂ ಅದು ಪೂರ್ಣ ಸತ್ಯವಲ್ಲವೆಂದೂ, ಅದನ್ನೇ ಪೂರ್ಣ ಸತ್ಯವೆಂದು ನಂಬಿ ಸಂಘಸಂಸ್ಥೆಗಳನ್ನು ಕಟ್ಟಿದರೆ, ಯಾವ ಸಮುದಾಯವನ್ನು ರಕ್ಷಿಸಬೇಕೆಂದು ಆ ಮಾತು ಹುಟ್ಟಿತೋ ಆ ಸಮುದಾಯದಲ್ಲಿಯೇ ಅಲ್ಪಸಂಖ್ಯರಾಗಿರತಕ್ಕವರಿಗೆ ಅದರಿಂದ ಅನ್ಯಾಯವಾಗುವುದೆಂದೂ ನನ್ನ ದೃಢವಾದ ಅಭಿಪ್ರಾಯ. ಭೇದವನ್ನು ಮರೆಯುವುದರಿಂದ ಬರುವ ಐಕ್ಯ ಒಂದು. ಭೇದವನ್ನು ಬಲ್ಲವರು ಸಾಧಿಸಿಕೊಳ್ಳುವ ಐಕ್ಯ ಇನ್ನೊಂದು. ಪಶ್ಚಿಮದ ಮುಸ್ಲಿಂ ತರುಣರಿಗೆ ಬೇಕಾಗಿರುವುದು ಎರಡನೆಯದು.

ಮೊದಲು ವಿಶ್ವವಿದ್ಯಾನಿಲಯವೊಂದರ ಪ್ರಾರ್ಥನಾಕೊಠಡಿಯನ್ನು ನೋಡೋಣ. ಏಕೆಂದರೆ ಈ ಪ್ರಶ್ನೆ ಪುಸ್ತಕದಿಂದ ಬಾಳಿಗೆ ಇಳಿಯುವುದು ಆ ಚಿಕ್ಕ ಕೊಠಡಿಯಲ್ಲಿ. ಹದಿನೆಂಟು ವರ್ಷದವರೆಗೆ ತನ್ನ ಮನೆ, ತನ್ನ ಬಂಧುವರ್ಗ, ತನ್ನ ಮಸೀದಿ ಇವುಗಳ ನಡುವೆ ಬೆಳೆದ ಹುಡುಗ ಅನ್ಯಪಂಥದವರನ್ನು ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ ಕಾಣುವುದು ಬಹುಮಟ್ಟಿಗೆ ಅಲ್ಲಿಯೇ. ಒಬ್ಬನು ಕೈಗಳನ್ನು ಕಟ್ಟಿ ನಿಲ್ಲುತ್ತಾನೆ. ಪಕ್ಕದವನು ಎರಡು ಕೈಗಳನ್ನೂ ಇಳಿಬಿಟ್ಟು ನಿಲ್ಲುತ್ತಾನೆ. ಒಬ್ಬನು ಜಮಖಾನೆಯ ಮೇಲೆಯೇ ಹಣೆಯೂರಿ ಸಜ್ದಾ ಮಾಡುತ್ತಾನೆ. ಇನ್ನೊಬ್ಬನು ಜೇಬಿನಿಂದ ಕರ್ಬಲಾದ ಮಣ್ಣಿನ ಚಿಕ್ಕ ಬಿಲ್ಲೆಯೊಂದನ್ನು ತೆಗೆದು ಮುಂದಿರಿಸಿ ಅದರ ಮೇಲೆ ಹಣೆಯನ್ನಿಡುತ್ತಾನೆ. ಒಬ್ಬನು ಮಧ್ಯಾಹ್ನದ ನಮಾಜನ್ನೂ ಮಧ್ಯಾಹ್ನೋತ್ತರದ ನಮಾಜನ್ನೂ ಬೇರೆಬೇರೆ ವೇಳೆಗಳಲ್ಲಿ ಸಲ್ಲಿಸಿದರೆ, ಇನ್ನೊಬ್ಬನು ಒಂದರ ಹಿಂದೆ ಒಂದರಂತೆ ಎರಡನ್ನೂ ಕೂಡಿಸಿ ಮುಗಿಸುತ್ತಾನೆ. ರಂಜಾನಿನ ಸಂಜೆ ಸೂರ್ಯಬಿಂಬ ಮರೆಯಾದೊಡನೆ ಸುನ್ನಿ ಮಿತ್ರರು ಖರ್ಜೂರವನ್ನು ಬಾಯಿಗಿಟ್ಟುಕೊಳ್ಳುವಾಗ, ಮೂಡಣದ ಕೆಂಪು ಅಳಿಯಲೆಂದು ಶಿಯಾ ವಿದ್ಯಾರ್ಥಿಯು ಇನ್ನೂ ಹತ್ತು ಹದಿನೈದು ನಿಮಿಷ ಕಾಯುತ್ತ ಕುಳಿತಿರುತ್ತಾನೆ. ‘ಈ ಮಣ್ಣಿಗೇಕೆ ಮಣಿಯುತ್ತೀಯೆ? ಇದು ವಿಗ್ರಹಪೂಜೆಯಲ್ಲವೆ?’ ಎಂಬ ಪ್ರಶ್ನೆಯನ್ನು ಎದುರಿಸದ ಶಿಯಾ ತರುಣನು ಆ ನಾಡುಗಳಲ್ಲಿ ವಿರಳ. ಕೇಳುವವನಲ್ಲಿ ಎಷ್ಟೋ ವೇಳೆ ದುರುದ್ದೇಶವಿರುವುದಿಲ್ಲ. ಭೂಮಿಯ ಮೇಲಾಗಲಿ, ಭೂಮಿಯಿಂದ ಬೆಳೆದು ತಿನ್ನಲೂ ಉಡಲೂ ಬಾರದ ವಸ್ತುವಿನ ಮೇಲಾಗಲಿ ಹಣೆಯಿಡಬೇಕೆಂಬ, ಶಿಯಾಗಳ ಜಾಫರಿ ಧರ್ಮಶಾಸ್ತ್ರದ ನಿಯಮವನ್ನು ಅವನಿಗೆ ಯಾರೂ ಹೇಳಿಲ್ಲ. ಪಾಪ, ತನ್ನ ಪಂಥದ ವಿಷಯವನ್ನೇ ಅವನಿಗೆ ಪೂರ್ತಿಯಾಗಿ ಹೇಳಿಲ್ಲ. ಏಕೆಂದರೆ ಸುನ್ನಿಗಳ ನಾಲ್ಕು ಧರ್ಮಶಾಸ್ತ್ರ ಸಂಪ್ರದಾಯಗಳಲ್ಲಿ ಒಂದಾದ, ಮೊರಾಕೊವಿನಲ್ಲಿಯೂ ಪಶ್ಚಿಮ ಆಫ್ರಿಕದಲ್ಲಿಯೂ ಪ್ರಚಾರದಲ್ಲಿರುವ ಮಾಲಿಕಿ ಸಂಪ್ರದಾಯದವರು ಅನೇಕರು ಕೈಗಳನ್ನು ಇಳಿಬಿಟ್ಟೇ ನಮಾಜು ಮಾಡುತ್ತಾರೆ. ಇದನ್ನರಿಯದ, ಆ ನಾಲ್ಕರಲ್ಲಿಯೇ ಇನ್ನೊಂದಾದ ಹನಫಿ ಸಂಪ್ರದಾಯದ ಮನೆತನದ ಹುಡುಗ ಸೆನೆಗಲ್ಲಿನ ಶುದ್ಧ ಸುನ್ನಿಯೊಬ್ಬನನ್ನು ಕಂಡು ಶಿಯಾ ಎಂದು ಭ್ರಮಿಸುವುದುಂಟು. ಭೇದದ ಅಜ್ಞಾನವು ಸ್ನೇಹವನ್ನು ಬೆಳೆಸುವುದೆಂಬ ನಂಬಿಕೆ ಎಷ್ಟು ದುರ್ಬಲವೆಂಬುದು ಇದರಿಂದಲೇ ವಿದಿತವಾಗುತ್ತದೆ.

ಮೂಲದ ವ್ಯಾಜ್ಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 632ರಲ್ಲಿ ಪ್ರವಾದಿ ಮಹಮ್ಮದರು ಕಾಲವಾದ ಮೇಲೆ ಸಮುದಾಯದ ನಾಯಕತ್ವವು ಹಿರಿಯರ ಸಮ್ಮತಿಯಿಂದ ಅಬೂಬಕರರಿಗೆ ಸಂದಿತು. ಅದು ಪ್ರವಾದಿಗಳ ಅಳಿಯಂದಿರಾದ ಅಲಿಯವರಿಗೆ ದೈವಾಜ್ಞೆಯಿಂದಲೇ ಸಲ್ಲಬೇಕಾಗಿತ್ತೆಂಬುದು ಶಿಯಾಗಳ ಶ್ರದ್ಧೆ. 680ರಲ್ಲಿ ಅಲಿಯವರ ಮಗ ಹುಸೇನರು ಕರ್ಬಲಾದ ಮರಳಿನಲ್ಲಿ ಪರಿವಾರಸಮೇತರಾಗಿ ಹತರಾದರು. ಈ ಎರಡು ಘಟನೆಗಳಿಂದ ಎರಡು ಸ್ಮೃತಿಪರಂಪರೆಗಳೂ, ಎರಡು ಪಾಂಡಿತ್ಯಪರಂಪರೆಗಳೂ ಬೆಳೆದವು. ಇಂದು ಜಗತ್ತಿನ ಮುಸಲ್ಮಾನರಲ್ಲಿ ಶಿಯಾಗಳು ಶೇಕಡ 10ರಿಂದ 13ರಷ್ಟಿದ್ದಾರೆ ಎಂಬುದು ಪ್ಯೂ ಸಂಶೋಧನ ಕೇಂದ್ರದ 2009ರ ಅಂದಾಜು.

ನಮ್ಮ ವಾದಕ್ಕೆ ಹೆಚ್ಚು ಪ್ರಯೋಜನಕರವಾದದ್ದು ಆ ಪ್ರಾಚೀನ ಕಥೆಗಿಂತ, ಈ ತರುಣರ ಅಜ್ಜಂದಿರ ಕಥೆ. ಖೋಜರ ಉದಾಹರಣೆಯನ್ನು ತೆಗೆದುಕೊಳ್ಳಿ. ಕಚ್ಛ ಮತ್ತು ಕಾಠಿಯಾವಾಡಗಳ ಈ ವ್ಯಾಪಾರಿ ಸಮುದಾಯವು ಗುಜರಾತಿ ಸಿಂಧಿ ಭಾಷೆಗಳ ‘ಗಿನಾನ್’ ಎಂಬ ಭಕ್ತಿಗೀತೆಗಳನ್ನು ಹಾಡುತ್ತಿತ್ತು; ಆ ಗೀತೆಗಳಲ್ಲಿ ದಶಾವತಾರದ ಕಥೆಯೂ ಸೇರಿ, ಅಲಿಯವರೇ ಹತ್ತನೆಯ ಅವತಾರವೆಂಬ ಭಾವನೆಯೂ ಇತ್ತು. ಇವರು ಸುನ್ನಿಗಳೋ ಶಿಯಾಗಳೋ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. 1866ರಲ್ಲಿ ಮುಂಬಯಿಯ ಹೈಕೋರ್ಟಿನ ಮುಂದೆ, ಅವರ ಧರ್ಮಗುರುವೆನಿಸಿದ್ದ ಆಗಾಖಾನರ ಅಧಿಕಾರವನ್ನು ಕುರಿತ ವ್ಯಾಜ್ಯ ಬಂದಾಗ, ವಾದಿಗಳು ಖೋಜರು ಸುನ್ನಿಗಳೆಂದು ಸಾಧಿಸಲು ಹೊರಟರು. ನ್ಯಾಯಾಧೀಶ ಜೋಸೆಫ್ ಆರ್ನಲ್ಡರು ಅವರು ಶಿಯಾ ಇಮಾಮಿ ಇಸ್ಮಾಯಿಲಿಗಳೆಂದು ತೀರ್ಪಿತ್ತರು. ಅನಂತರ ಅವರಲ್ಲಿ ಒಂದು ಭಾಗ ಆಗಾಖಾನರಿಂದ ಬೇರೆಯಾಗಿ ದ್ವಾದಶ ಇಮಾಮರನ್ನು ಒಪ್ಪುವ ಇತ್ನಾ ಅಶರಿ ಶಿಯಾಗಳಾದರು, ಪೂರ್ವ ಆಫ್ರಿಕದಲ್ಲಿ ನೆಲೆಸಿದರು, 1972ರಲ್ಲಿ ಇದಿ ಅಮೀನನು ಏಷ್ಯದವರನ್ನು ತೊಂಬತ್ತು ದಿನಗಳ ಗಡುವಿನಲ್ಲಿ ಉಗಾಂಡದಿಂದ ಅಟ್ಟಿದಾಗ ಬ್ರಿಟನ್ ಕೆನಡಾಗಳಿಗೆ ಬಂದು ಸೇರಿದರು. 1976ರಲ್ಲಿ ಮುಲ್ಲಾ ಅಸ್ಗರ್ ಜಾಫರರ ನೇತೃತ್ವದಲ್ಲಿ ಇವರ ವಿಶ್ವಮಹಾಸಂಘ ಸ್ಥಾಪಿತವಾಯಿತು. ಲಂಡನ್ನಿನ ಸ್ಟ್ಯಾನ್‌ಮೋರ್ ಇವರ ದೊಡ್ಡ ಕೇಂದ್ರಗಳಲ್ಲೊಂದಾಯಿತು. ಶಿಯಾತ್ವವು ಇವರ ಮನೆಗೆ ತೀರ್ಪಿನಿಂದಲೂ, ವಲಸೆಯಿಂದಲೂ, ಬುದ್ಧಿಪೂರ್ವಕವಾದ ಆಯ್ಕೆಯಿಂದಲೂ ಕ್ರಮಕ್ರಮವಾಗಿ ಬಂದದ್ದು. ಅದು ಹಳೆಯ ಕಾಲದಿಂದ ಹಾಗೆಯೇ ಉಳಿದು ಬಂದ ದ್ವೇಷದ ಗಂಟು ಅಲ್ಲ.

ಅಟ್ಲಾಂಟಿಕದ ಆಚೆಗಿನ ಡೆಟ್ರಾಯಿಟ್ ನಗರದ ಕಥೆಯೂ ಇದಕ್ಕೆ ಸಾಕ್ಷಿ. ಮೋಟಾರು ಕಾರ್ಖಾನೆಗಳ ಕೂಲಿಯನ್ನು ಅರಸಿ ಲೆಬನಾನಿನ ಹಳ್ಳಿಗಳಿಂದ ಬಂದ ಸುನ್ನಿಗಳೂ ಶಿಯಾಗಳೂ 1921ರಲ್ಲಿ ಹೈಲೆಂಡ್ ಪಾರ್ಕಿನಲ್ಲಿ ಮಸೀದಿಯೊಂದನ್ನು ತೆರೆದಾಗ ಎರಡು ಪಂಥಗಳ ಹಿರಿಯರೂ ಅಲ್ಲಿದ್ದರು. ಆ ಮಸೀದಿ ಬಹುಕಾಲ ಬಾಳಲಿಲ್ಲ. ಮುಂದೆ ಡಿಯರ್‌ಬಾರ್ನಿನಲ್ಲಿ ಸುನ್ನಿಗಳ ಮಸೀದಿಯೂ ಶಿಯಾಗಳ ಸಭಾಮಂದಿರವೂ ಬೇರೆಬೇರೆಯಾಗಿ ಎದ್ದವು. ಬೇರೆಯಾದರೆಂದರೆ ವೈರಿಗಳಾದರೆಂದು ಅರ್ಥವಲ್ಲ. ಲೆಬನಾನಿನ ಶಿಯಾ ವಿದ್ವಾಂಸರಾದ ಇಮಾಮ್ ಮಹಮ್ಮದ್ ಜವಾದ್ ಶಿರ್ರಿಯವರು ಡೆಟ್ರಾಯಿಟ್ಟಿನಲ್ಲಿ ಇಸ್ಲಾಮಿಕ್ ಕೇಂದ್ರವನ್ನು ಕಟ್ಟಲು ಹೊರಟಾಗ ಸಹಾಯಧನ ನೀಡಿದವರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರರೂ ಒಬ್ಬರು, ಅವರು ಸುನ್ನಿ. ಅದೇ ಕಾಲದಲ್ಲಿ, 1959ರಲ್ಲಿ, ಸುನ್ನಿ ಪಾಂಡಿತ್ಯದ ಪೀಠವಾದ ಕೈರೊವಿನ ಅಲ್-ಅಜ್ಹರಿನ ಅಧ್ಯಕ್ಷ ಮಹಮೂದ್ ಶಲ್ತೂತರು ಜಾಫರಿ ಧರ್ಮಶಾಸ್ತ್ರವೂ ಅನುಸರಣಯೋಗ್ಯವೆಂದು ಫತ್ವಾ ಕೊಟ್ಟರು. ಶಲ್ತೂತರು ‘ಸುನ್ನಿ ಶಿಯಾ ಎಂಬುದಿಲ್ಲ’ ಎಂದು ಸಾರಲಿಲ್ಲ. ಇದೆ, ಇರುವುದು ಮಾನ್ಯ, ಎಂದು ಸಾರಿದರು. ಜೋರ್ಡಾನಿನ ರಾಜಧಾನಿಯಿಂದ ಹೊರಟು 2005ರಲ್ಲಿ ಅನೇಕ ದೇಶಗಳ ಉಲೇಮಾಗಳ ಅನುಮೋದನೆ ಪಡೆದ ಅಮ್ಮಾನ್ ಸಂದೇಶವೂ ಇದೇ ಹಾದಿಯನ್ನು ಹಿಡಿದು, ಸುನ್ನಿಗಳ ನಾಲ್ಕರ ಜೊತೆಗೆ ಜಾಫರಿ, ಜೈದಿ, ಇಬಾದಿ, ಜಾಹಿರಿಗಳನ್ನೂ ಸೇರಿಸಿ ಎಂಟು ಸಂಪ್ರದಾಯಗಳನ್ನು ಹೆಸರು ಹೇಳಿಯೇ ಮಾನ್ಯಮಾಡಿತು. ಹೆಸರು ಹೇಳಿ ಮಾನ್ಯಮಾಡುವುದಕ್ಕೂ ಹೆಸರನ್ನೇ ಅಳಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಹಾಗಾದರೆ ತರುಣರಲ್ಲಿ ಇಂದು ಕಾಣುವ ಕಹಿ ಎಲ್ಲಿಂದ ಬಂತು? ಅದು ಪೂರ್ವದಿಂದ ಪಶ್ಚಿಮಕ್ಕೆ ಸಾಗಿಬಂದ ಹಳೆಯ ಜಗಳವೆಂಬುದು ಅಲ್ಲಿನ ಪತ್ರಿಕೆಗಳಲ್ಲಿ ರೂಢಿಯಾಗಿರುವ ವಿವರಣೆ. ಅದರಲ್ಲಿ ಅರ್ಧ ಸತ್ಯವುಂಟು. 1979ರ ಇರಾನಿನ ಕ್ರಾಂತಿಯ ಅನಂತರ ಇರಾನ್ ಮತ್ತು ಸೌದಿ ಅರೇಬಿಯಗಳ ಸ್ಪರ್ಧೆ ಧರ್ಮದ ವೇಷವನ್ನು ತೊಟ್ಟು, ಪುಸ್ತಕಗಳ ರೂಪದಲ್ಲಿಯೂ, ವಿದ್ಯಾರ್ಥಿವೇತನದ ರೂಪದಲ್ಲಿಯೂ, ಆಮೇಲೆ ಉಪಗ್ರಹ ದೂರದರ್ಶನದ ರೂಪದಲ್ಲಿಯೂ ಯೂರೋಪಿನ ಓಣಿಗಳನ್ನು ಹೊಕ್ಕಿತು. ಆದರೆ ಆ ಕಾಲದ ಕಥೆಯೂ ನಾವೆಣಿಸುವಷ್ಟು ಸರಳವಲ್ಲ. 1989ರ ಜನವರಿಯಲ್ಲಿ ಬ್ರಾಡ್‌ಫರ್ಡಿನಲ್ಲಿ ಸಲ್ಮಾನ್ ರಶ್ದಿಯವರ ವಿವಾದಿತ ಕಾದಂಬರಿಯನ್ನು ಸುಟ್ಟವರು ಬಹುಪಾಲು ದಕ್ಷಿಣ ಏಷ್ಯದ ಸುನ್ನಿಗಳು. ಫೆಬ್ರವರಿಯಲ್ಲಿ ಇರಾನಿನ ನಾಯಕ ಖೊಮೇನಿ ರಶ್ದಿಯವರ ವಧೆಗೆ ಫತ್ವಾ ಹೊರಡಿಸಿದಾಗ, ಅದನ್ನು ಬ್ರಿಟನ್ನಿನಲ್ಲಿ ಬಹಿರಂಗವಾಗಿ ಬೆಂಬಲಿಸಿ, ಮುಂದೆ 1992ರಲ್ಲಿ ‘ಮುಸ್ಲಿಂ ಪಾರ್ಲಿಮೆಂಟ್’ ಎಂಬುದನ್ನು ಸ್ಥಾಪಿಸಿದ ಕಲೀಮ್ ಸಿದ್ದಿಕಿಯವರೂ ಸುನ್ನಿ. ಆ ಫತ್ವಾವನ್ನೂ ಆ ದಹನವನ್ನೂ ನಾನು ಸಮರ್ಥಿಸುವುದಿಲ್ಲ; ವಿಚಾರಸ್ವಾತಂತ್ರ್ಯಕ್ಕೆ ಅವುಗಳಿಂದಾದ ಘಾತ ದೊಡ್ಡದು. ಇಲ್ಲಿ ಗಮನಿಸತಕ್ಕದ್ದು ಇಷ್ಟೆ: ಅಂದು ಬ್ರಾಡ್‌ಫರ್ಡಿನ ಸುನ್ನಿ ಯುವಕನಿಗೆ ಇರಾನ್ ಶಿಯಾ ರಾಷ್ಟ್ರವೆಂಬುದು ಅಡ್ಡಿಯಾಗಿ ತೋರಲಿಲ್ಲ. ಅಡ್ಡಗೋಡೆ ಎದ್ದದ್ದು ತರುವಾಯ.

2003ರ ಇರಾಕ್ ಯುದ್ಧ ಆ ಗೋಡೆಗೆ ಇಟ್ಟಿಗೆಯಿಟ್ಟಿತು. ಲಂಡನ್ನಿನಲ್ಲಿ ದೇಶಭ್ರಷ್ಟರಾಗಿ ಬಾಳಿದ್ದ ಇಬ್ರಾಹಿಂ ಅಲ್-ಜಾಫರಿಯವರು 2005ರಲ್ಲಿಯೂ, ಹೈದರ್ ಅಲ್-ಅಬಾದಿಯವರು 2014ರಲ್ಲಿಯೂ ಇರಾಕಿನ ಪ್ರಧಾನಮಂತ್ರಿಗಳಾದರು. ಅವರ ನೆರೆಯಲ್ಲಿ ಬೆಳೆದ ಇರಾಕಿ ಶಿಯಾ ಹುಡುಗಿಗೆ ಸದ್ದಾಮನ ಪತನವೆಂದರೆ ತನ್ನ ಸೋದರಮಾವನನ್ನು ಕೊಂದವನ ಪತನ; ಅವಳ ಪಕ್ಕದ ಬೆಂಚಿನಲ್ಲಿ ಕುಳಿತ ಪಾಕಿಸ್ತಾನಿ ಮೂಲದ ಹುಡುಗನಿಗೆ ಅದೇ ಘಟನೆ ಮುಸ್ಲಿಂ ದೇಶವೊಂದರ ಮೇಲೆ ನಡೆದ ಆಕ್ರಮಣ. ಇಬ್ಬರ ದುಃಖವೂ ನಿಜವಾದದ್ದೇ. ಆದರೆ ಒಬ್ಬರ ದುಃಖವನ್ನು ಇನ್ನೊಬ್ಬರಿಗೆ ತಿಳಿಯಹೇಳಬಲ್ಲ ಹಿರಿಯರು ನಡುವೆ ಇರಲಿಲ್ಲ. 2006ರ ಕೊನೆಯಲ್ಲಿ ಸದ್ದಾಮನಿಗೆ ಗಲ್ಲಾದಾಗ ಡಿಯರ್‌ಬಾರ್ನಿನ ಶಿಯಾಗಳು ಬೀದಿಗಿಳಿದು ಸಂತೋಷಪಟ್ಟರು. ಕೆಲವೇ ದಿನಗಳಲ್ಲಿ ಡೆಟ್ರಾಯಿಟ್ ಸೀಮೆಯ ಶಿಯಾ ಮಸೀದಿಗಳ, ಅಂಗಡಿಗಳ ಕಿಟಕಿಗಾಜುಗಳು ಒಡೆದುಹೋದವು. 2012ರ ಮಾರ್ಚ್ ತಿಂಗಳಲ್ಲಿ ಬ್ರಸೆಲ್ಸಿನ ಆಂಡರ್‌ಲೆಕ್ಟಿನ ಶಿಯಾ ಮಸೀದಿಗೆ, ಸಿರಿಯದ ಯುದ್ಧದಿಂದ ಕೆರಳಿದವನೊಬ್ಬನು ಬೆಂಕಿಯಿಟ್ಟನು. ಇಮಾಮರು ಹೊಗೆಯಲ್ಲಿ ಸಿಕ್ಕಿ ಪ್ರಾಣಬಿಟ್ಟರು.

ರಾಜಕೀಯವು ಬೆಂಕಿಯನ್ನು ತಂದಿತು, ನಿಜ. ಆದರೆ ಹತ್ತಿಕೊಳ್ಳಲು ಒಣಗಿದ ನೆಲ ಮೊದಲೇ ಸಿದ್ಧವಾಗಿತ್ತೆಂಬುದು ನನ್ನ ವಾದದ ತಿರುಳು. ಆ ನೆಲವನ್ನು ಒಣಗಿಸಿದ್ದು ಸಂಪ್ರದಾಯದ ಅತಿರೇಕವಲ್ಲ, ಸಂಪ್ರದಾಯದ ನಷ್ಟ. ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಒಲಿವಿಯೆ ರುವಾ ಅವರು ತೋರಿಸಿಕೊಟ್ಟಿರುವಂತೆ, ವಲಸೆಯಲ್ಲಿ ಧರ್ಮವು ತನ್ನನ್ನು ಪೋಷಿಸುತ್ತಿದ್ದ ಸಂಸ್ಕೃತಿಯಿಂದ ಬಿಡಿಸಿಕೊಂಡು, ವಿಧಿನಿಷೇಧಗಳ ಒಂದು ಶುಷ್ಕ ಪಟ್ಟಿಯಾಗಿ ಉಳಿಯುವ ಅಪಾಯವುಂಟು. ಈ ಮಾತನ್ನು ಅರ್ಥಮಾಡಿಕೊಳ್ಳಲು ದಖ್ಖನಿನ ನಾವು ದೂರ ಹೋಗಬೇಕಾಗಿಲ್ಲ. ಬಿಜಾಪುರದ ಆದಿಲಶಾಹಿಯೂ ಗೋಲ್ಕೊಂಡದ ಕುತುಬಶಾಹಿಯೂ ಪೋಷಿಸಿದ ಮೊಹರಂ ಆಚರಣೆ ಈ ನಾಡಿನಲ್ಲಿ ಪಂಥದ ಎಲ್ಲೆಯನ್ನು ಎಂದೋ ದಾಟಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾಯಿ ಕುಣಿತದ ಸುತ್ತ ಸುನ್ನಿಯೂ ಲಿಂಗಾಯತನೂ ಕುರುಬನೂ ಸೇರುತ್ತಾರೆ, ಹಸೇನ ಹುಸೇನರ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಹೈದರಾಬಾದಿನ ಎಷ್ಟೋ ಸುನ್ನಿ ಮನೆಗಳಲ್ಲಿ ಮೊಹರಂ ತಿಂಗಳಿನಲ್ಲಿ ಮದುವೆ ಮುಂಜಿಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಹುಸೇನರ ಹೆಸರಿನಲ್ಲಿ ಶರಬತ್ತು ಹಂಚುತ್ತಿದ್ದರು. ಅಂಥ ಮನೆಯ ಮೊಮ್ಮಗನು ಶಿಕಾಗೊವಿನಲ್ಲಿಯೋ ಟೊರಾಂಟೊವಿನಲ್ಲಿಯೋ ಬೆಳೆದು, ತನ್ನ ಅಜ್ಜಿಯ ಶರಬತ್ತನ್ನು ಎಂದೂ ಕುಡಿಯದೆ, ಸುನ್ನಿತ್ವವೆಂದರೇನೆಂಬುದನ್ನು ಗಣಕಯಂತ್ರದ ಪರದೆಯ ಮೇಲಿನ ವಾದಪಟುವೊಬ್ಬನಿಂದ ಕಲಿತನೆಂದರೆ, ಅವನ ಪಾಲಿಗೆ ಹುಸೇನರ ಶೋಕವು ಅನ್ಯರ ಮತಾಚರಣೆ. ಅಜ್ಜಿಯು ಮಾಡಿದ್ದು ಅಪಚಾರ. ಶಿಯಾ ಮನೆಯ ಮೊಮ್ಮಗನ ಅವಸ್ಥೆಯೂ ಭಿನ್ನವಲ್ಲ: ಸುನ್ನಿ ನೆರೆಯವರ ನಡುವೆ ಬಾಳುವ ನಯವನ್ನು ಅವನ ಅಜ್ಜ ಕಲಿತಿದ್ದನು, ಮೊದಲ ಖಲೀಫರನ್ನು ಸುನ್ನಿಗಳು ಎಷ್ಟು ಗೌರವದಿಂದ ಕಾಣುತ್ತಾರೆಂಬುದನ್ನು ಬಲ್ಲವನಾಗಿ ನಾಲಗೆಯನ್ನು ಕಾದುಕೊಂಡಿದ್ದನು. ಮೊಮ್ಮಗನಿಗೆ ಆ ನೆರೆಯೂ ಇಲ್ಲ, ಆ ಸಂಯಮದ ಶಿಕ್ಷಣವೂ ಇಲ್ಲ. ಲಂಡನ್ನಿನ ಹೈಡ್ ಪಾರ್ಕಿನ ಭಾಷಣಮೂಲೆಯಲ್ಲಿ ವಾರವಾರವೂ ಸುನ್ನಿ ಶಿಯಾ ತರುಣರು ಗುಂಪುಗೂಡಿ ವಾಗ್ಯುದ್ಧ ಮಾಡುವಾಗ, ಎರಡು ಕಡೆಯವರೂ ತಮ್ಮ ಪರಂಪರೆಯನ್ನು ಬಲ್ಲೆವೆಂದು ನಂಬಿರುತ್ತಾರೆ. ಅವರು ಬಲ್ಲದ್ದು ಎದುರಾಳಿಯನ್ನು ಬಾಯಿಮುಚ್ಚಿಸುವ ನಾಲ್ಕು ಉಲ್ಲೇಖಗಳನ್ನು ಮಾತ್ರ. ಇದನ್ನು ಕಂಡರೆ ಮರುಕವಾಗುತ್ತದೆ.

ಈ ವ್ಯಾಧಿಗೆ ‘ಬರಿಯ ಮುಸಲ್ಮಾನ’ ಎಂಬ ಉತ್ತರ ಔಷಧವಾಗಬಲ್ಲುದೆ? ಅಮೆರಿಕದ ಮುಸಲ್ಮಾನರನ್ನು ಕುರಿತು ಪ್ಯೂ ಕೇಂದ್ರವು 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡ 55 ಮಂದಿ ತಾವು ಸುನ್ನಿಗಳೆಂದೂ, 16 ಮಂದಿ ಶಿಯಾಗಳೆಂದೂ ಹೇಳಿಕೊಂಡರು. ಸುಮಾರು 14 ಮಂದಿ ಯಾವ ನಿರ್ದಿಷ್ಟ ಸಂಪ್ರದಾಯವನ್ನೂ ಹೇಳಲಿಲ್ಲ. ಈ ಮೂರನೆಯ ಗುಂಪಿನವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ‘ಬರಿಯ ಮುಸಲ್ಮಾನ’ನೂ ನಮಾಜಿಗೆ ನಿಂತಾಗ ಕೈಗಳನ್ನು ಎಲ್ಲಿಯಾದರೂ ಇಡಬೇಕಷ್ಟೆ, ಯಾವುದೋ ಒಂದು ನಿಮಿಷದಲ್ಲಿ ಉಪವಾಸವನ್ನು ಬಿಡಬೇಕು, ಯಾರದೋ ಲೆಕ್ಕದಂತೆ ಈದ್ ಆಚರಿಸಬೇಕು. ಆಗ ಅವನು ಹಿಡಿಯುವ ರೀತಿ ಸಂಖ್ಯಾಬಲವುಳ್ಳವರ ರೀತಿಯೇ ಆಗಿರುತ್ತದೆ. ಬಹುಸಂಖ್ಯರ ಆಚಾರವು ತನಗೊಂದು ಹೆಸರಿದೆಯೆಂಬುದನ್ನು ಮರೆತು, ತಾನೇ ಸಾಮಾನ್ಯಧರ್ಮವೆಂದು ತಿಳಿಯುತ್ತದೆ. ಉಳಿದವರ ಆಚಾರವು ಅದರ ಕಣ್ಣಿಗೆ ವಿಶೇಷವಾಗಿ, ವಿಪರೀತವಾಗಿ, ಕಡೆಗೆ ಒಡಕಿನ ಮೂಲವಾಗಿ ತೋರುತ್ತದೆ. ಹೀಗಾಗಿ ಐಕ್ಯದ ಹೊರೆಯನ್ನೆಲ್ಲ ಅಲ್ಪಸಂಖ್ಯನೇ ಹೊರಬೇಕಾಗುತ್ತದೆ: ಜೇಬಿನ ಮಣ್ಣಿನ ಬಿಲ್ಲೆಯನ್ನು ಅವನೇ ಅಡಗಿಸಬೇಕು, ಹುಸೇನರು ಹತರಾದ ಆಶೂರಾ ದಿನದ ಸಭೆಗೆ ಕೊಠಡಿ ಕೇಳುವಾಗ ಅವನೇ ಸಂಕೋಚಪಡಬೇಕು. 1963ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಮುಸ್ಲಿಂ ವಿದ್ಯಾರ್ಥಿಸಂಘದಲ್ಲಿ ಮೊದಮೊದಲು ಇರಾನಿನ ಶಿಯಾ ವಿದ್ಯಾರ್ಥಿಗಳೂ ಸೇರಿ ದುಡಿದಿದ್ದರು. ಕಾಲಕ್ರಮದಲ್ಲಿ ಶಿಯಾ ವಿದ್ಯಾರ್ಥಿಗಳು ಅಲ್ಲಲ್ಲಿ ದೂರ ಸರಿದರು. ಬ್ರಿಟನ್ನಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ‘ಇಸ್ಲಾಮಿಕ್ ಸೊಸೈಟಿ’ಯ ಪಕ್ಕದಲ್ಲಿಯೇ ಇಂದು ‘ಅಹ್ಲುಲ್‌ಬೈತ್ ಸೊಸೈಟಿ’ ಎಂಬ ಶಿಯಾ ವಿದ್ಯಾರ್ಥಿಗಳ ಸಂಘವಿದೆ. ಇದನ್ನು ಒಡಕೆಂದು ದೂಷಿಸುವವರು, ಮೊದಲನೆಯ ಸಂಘದ ಹೆಸರು ಎಲ್ಲರದಾಗಿದ್ದರೂ ಅದರ ವೇದಿಕೆ ಎಲ್ಲರದಾಗಿತ್ತೆ ಎಂಬುದನ್ನು ಮೊದಲು ವಿಚಾರಿಸಬೇಕು.

ಬೇರೆ ನಿಂತದ್ದರಿಂದ ಆ ಶಿಯಾ ತರುಣರು ಒಳಮುಖಿಗಳಾದರೆ? ಕೆಲವರು ಆದರು. ಆದರೆ ಬಹುಮಂದಿ ಮಾಡಿದ ಕೆಲಸವನ್ನು ನಾನು ಅಭಿಮಾನದಿಂದ ಸ್ಮರಿಸುತ್ತೇನೆ. ಉರ್ದು, ಗುಜರಾತಿ, ಅರಬ್ಬಿಗಳಲ್ಲಿ ನಡೆಯುತ್ತಿದ್ದ ಮೊಹರಮ್ಮಿನ ಮಜ್ಲಿಸ್ ಎಂಬ ಶೋಕಸಭೆಗಳನ್ನು ಅವರು ಇಂಗ್ಲಿಷಿಗೆ ತಂದರು. ಸಯ್ಯದ್ ಅಮ್ಮಾರ್ ನಕ್ಷವಾನಿಯವರಂಥ ತರುಣ ಪ್ರವಚನಕಾರರು ಆ ಭಾಷೆಯಲ್ಲಿಯೇ ಸಹಸ್ರಾರು ಶ್ರೋತೃಗಳನ್ನು ಸಂಪಾದಿಸಿದರು. ಹುಸೇನರ ಸ್ಮರಣೆಯಲ್ಲಿ ಎದೆಯನ್ನು ಗಾಯಮಾಡಿಕೊಂಡು ರಕ್ತ ಹರಿಸುವುದಕ್ಕೆ ಬದಲಾಗಿ ರೋಗಿಗಳಿಗೆ ರಕ್ತವನ್ನು ಕೊಡೋಣವೆಂದು ಬ್ರಿಟನ್ನಿನ ಶಿಯಾ ಯುವಕರು 2006ರಲ್ಲಿ ರಕ್ತದಾನದ ಅಭಿಯಾನವನ್ನೇ ಆರಂಭಿಸಿದರು; ಈ ಭಾವ ಮುಂದೆ ದೇಶದೇಶಗಳಿಗೆ ಹಬ್ಬಿ, 2022ರ ಆಗಸ್ಟ್ ತಿಂಗಳಲ್ಲಿ ಹುಸೇನರ ಹೆಸರಿನಲ್ಲಿ ಒಂದೇ ದಿನ 37 ಸಾವಿರಕ್ಕೂ ಹೆಚ್ಚು ಮಂದಿ ರಕ್ತವಿತ್ತರು. ತನ್ನ ಪಂಥದ ಹೃದಯಕ್ಕೆ ಹತ್ತಿರವಾದದ್ದನ್ನು ಬಿಡದೆ, ಅದರ ಮೂಲಕವೇ ಅನ್ಯರ ಸೇವೆಗೆ ಬಾಗಿಲು ತೆರೆಯುವುದೆಂದರೆ ಇದು. ಆ ರಕ್ತವನ್ನು ಪಡೆದ ರೋಗಿಯ ಪಂಥವನ್ನು ಯಾರೂ ಕೇಳಿರಲಾರರು.

ಪಾಂಡಿತ್ಯದ ಕ್ಷೇತ್ರದಲ್ಲಿಯೂ ಎರಡು ಪಂಥಗಳು ಒಂದೇ ಸಮಸ್ಯೆಯ ಎದುರಿಗೆ ಒಂದೇ ಕಾಲದಲ್ಲಿ ನಿಂತವೆಂಬುದನ್ನು ತರುಣರು ಅರಿಯಬೇಕು. ಮುಸಲ್ಮಾನನು ಅನ್ಯಧರ್ಮೀಯ ರಾಜ್ಯದಲ್ಲಿ ಶಾಶ್ವತ ಪ್ರಜೆಯಾಗಿ ಬಾಳುವಾಗ ಶಾಸ್ತ್ರವು ಅವನಿಗೆ ಏನು ಹೇಳುತ್ತದೆ ಎಂಬ ಪ್ರಶ್ನೆಗೆ, ಸುನ್ನಿಗಳಲ್ಲಿ ತಾಹಾ ಜಾಬಿರ್ ಅಲ್-ಅಲ್ವಾನಿಯವರೂ ಯೂಸುಫ್ ಅಲ್-ಕರದಾವಿಯವರೂ ಅಲ್ಪಸಂಖ್ಯರ ಧರ್ಮಶಾಸ್ತ್ರವೆಂಬ ಹೊಸ ಶಾಖೆಯನ್ನೇ ಬೆಳೆಸಿ ಉತ್ತರ ಹುಡುಕಿದರು. 1997ರಲ್ಲಿ ಯೂರೋಪಿನ ಫತ್ವಾ ಮತ್ತು ಸಂಶೋಧನ ಪರಿಷತ್ತು ಸ್ಥಾಪಿತವಾಯಿತು. ನಜಫಿನ ಆಯತುಲ್ಲಾ ಸಿಸ್ತಾನಿಯವರ ಅಭಿಪ್ರಾಯಗಳ ಸಂಗ್ರಹವೊಂದು ಪಶ್ಚಿಮದ ಮುಸಲ್ಮಾನರಿಗೆಂದೇ ಇಂಗ್ಲಿಷಿನಲ್ಲಿ 1999ರಲ್ಲಿ ಪ್ರಕಟವಾಯಿತು. ತಾನು ನೆಲೆಸಿರುವ ದೇಶಕ್ಕೆ ಕೊಟ್ಟ ಮಾತನ್ನು ಮುರಿಯಲಾಗದು, ಅನ್ಯರ ಸ್ವತ್ತಿಗೆ ಮೋಸಮಾಡಲಾಗದು ಎಂಬ ವಿಧಿಗಳು ಅದರಲ್ಲಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ವಿದ್ಯಾರ್ಥಿಗೆ ಭಾಷಣಮೂಲೆಯ ಕೂಗಾಟ ಕಲಿಸಲಾರದ ವಿದ್ಯೆಯೊಂದು ದೊರಕುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಗಂಭೀರವಾದದ್ದು. ಭೇದಕ್ಕೆ ಹೆಸರು ಕೊಟ್ಟು ಮನ್ನಣೆ ಕೊಟ್ಟರೆ, ಅದನ್ನೇ ಆಯುಧವಾಗಿ ಮಾಡಿಕೊಳ್ಳುವವರ ಕೈಗೆ ಬಲ ಬಾರದೆ? 2022ರ ಜೂನ್ ತಿಂಗಳಲ್ಲಿ ‘ದಿ ಲೇಡಿ ಆಫ್ ಹೆವನ್’ ಎಂಬ ಚಲನಚಿತ್ರದ ಸಂಬಂಧದಲ್ಲಿ ಬ್ರಿಟನ್ನಿನಲ್ಲಿ ನಡೆದದ್ದನ್ನು ಇದಕ್ಕೆ ನಿದರ್ಶನವಾಗಿ ತೋರಿಸಬಹುದು. ಕುವೈತಿನಿಂದ ಬಂದು ಅಲ್ಲಿ ನೆಲೆಸಿದ ಶಿಯಾ ಧರ್ಮಗುರು ಯಾಸಿರ್ ಅಲ್-ಹಬೀಬರು ಬರೆದ ಆ ಚಿತ್ರವು ಪ್ರವಾದಿಗಳ ಮಗಳು ಫಾತಿಮಾರ ಕಥೆಯನ್ನು ಹೇಳುತ್ತ, ಸುನ್ನಿಗಳಿಗೆ ಪೂಜ್ಯರಾದ ಹಿರಿಯರನ್ನು ಕ್ರೂರಿಗಳೆಂಬಂತೆ ಚಿತ್ರಿಸಿತೆಂದು ಬ್ರಾಡ್‌ಫರ್ಡ್, ಬೋಲ್ಟನ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಜನ ಚಿತ್ರಮಂದಿರಗಳ ಮುಂದೆ ಸೇರಿದರು; ಸಿನೆವರ್ಲ್ಡ್ ಸಂಸ್ಥೆ ಪ್ರದರ್ಶನಗಳನ್ನೇ ನಿಲ್ಲಿಸಿತು. ಚಿತ್ರವನ್ನು ಗುಂಪಿನ ಬಲದಿಂದ ನಿಲ್ಲಿಸಿದ್ದು ತಪ್ಪು. ಪ್ರಜಾಪ್ರಭುತ್ವದಲ್ಲಿ ಉತ್ತರವನ್ನು ಉತ್ತರದಿಂದ ಕೊಡತಕ್ಕದ್ದು. ಅನ್ಯರಿಗೆ ಪೂಜ್ಯರಾದವರನ್ನು ಹೀನಾಯಿಸುವುದೇ ತನ್ನ ಶ್ರದ್ಧೆಯ ಪ್ರಮಾಣವೆಂದು ಬಗೆದದ್ದೂ ತಪ್ಪು; ಆ ತಪ್ಪನ್ನು ಮೊದಲಿಗೇ ಖಂಡಿಸಿದವರಲ್ಲಿ ಶಿಯಾ ವಿದ್ವಾಂಸರೂ ಇದ್ದರು. ಪ್ರವಾದಿಗಳ ಪತ್ನಿ ಆಯಿಷಾರನ್ನೂ ಸುನ್ನಿಗಳ ಪೂಜ್ಯರನ್ನೂ ನಿಂದಿಸಲಾಗದೆಂದು ಆಗ ಇರಾನಿನ ಸರ್ವೋಚ್ಚ ನಾಯಕರಾಗಿದ್ದ ಖಮೇನಿಯವರು 2010ರಲ್ಲಿಯೇ ಫತ್ವಾ ಕೊಟ್ಟಿದ್ದರು. ಬೀದಿಗಿಳಿದ ಸುನ್ನಿ ತರುಣರಲ್ಲಿ ಎಷ್ಟು ಮಂದಿಗೆ ಇದು ತಿಳಿದಿತ್ತು? ಶಿಯಾ ಎಂದರೆ ಒಂದೇ ದನಿಯೆಂದು ನಂಬಿದವರು, ಆ ಪಂಥದ ಒಳಗಡೆಯೇ ನಡೆಯುತ್ತಿದ್ದ ವಿವಾದವನ್ನು ಕಾಣದೆಹೋದರು. ಮನ್ನಣೆಯು ಆಯುಧವಾಗುವುದು ಅರಿವಿನ ಜೊತೆಗೂಡದೆ ಇದ್ದಾಗ. ಅದಕ್ಕೆ ಪರಿಹಾರ ಮನ್ನಣೆಯನ್ನು ಹಿಂತೆಗೆದುಕೊಳ್ಳುವುದಲ್ಲ.

ಸಂಸ್ಥೆಗಳ ಮಟ್ಟದಲ್ಲಿ ಇದು ಸಾಧ್ಯವೆಂಬುದಕ್ಕೆ ಬ್ರಿಟನ್ನಿನಲ್ಲಿಯೇ ಉದಾಹರಣೆಯುಂಟು: ಮಸೀದಿಗಳ ಮತ್ತು ಇಮಾಮರ ರಾಷ್ಟ್ರೀಯ ಸಲಹಾಮಂಡಲಿಯನ್ನು 2006ರಲ್ಲಿ ಕಟ್ಟಿದ ನಾಲ್ಕು ಸಂಸ್ಥೆಗಳಲ್ಲಿ ಮೂರು ಬಹುಪಾಲು ಸುನ್ನಿಗಳವು, ನಾಲ್ಕನೆಯದು ಶಿಯಾಗಳ ಅಲ್-ಖೋಯಿ ಪ್ರತಿಷ್ಠಾನ. ಅಲ್ಲಿ ಯಾರೂ ತಮ್ಮ ಗುರುತನ್ನು ಬಾಗಿಲಾಚೆ ಬಿಟ್ಟು ಒಳಗೆ ಬರಲಿಲ್ಲ.

ಆದರೆ ಮಂಡಲಿಗಳಿಗಿಂತ ಮುಂದಾಗಿ ಈ ಪ್ರಶ್ನೆಯನ್ನು ಬಗೆಹರಿಸಬೇಕಾಗಿ ಬಂದಿರುವವರು ಪರಸ್ಪರ ಒಲಿದು ಮದುವೆಯಾಗುವ ತರುಣ ತರುಣಿಯರು. ಸುನ್ನಿ ಶಿಯಾ ದಂಪತಿಗಳೂ ಅವರ ಮಕ್ಕಳೂ ಅಲ್ಲಿ ತಮ್ಮನ್ನು ವಿನೋದವಾಗಿ ‘ಸುಶಿ’ ಎಂದು ಕರೆದುಕೊಳ್ಳುವುದುಂಟು. ತಂದೆತಾಯಿಗಳ ವಿರೋಧವನ್ನು ಗೆಲ್ಲುವುದಕ್ಕೆ ‘ನಾವಿಬ್ಬರೂ ಬರಿಯ ಮುಸಲ್ಮಾನರು’ ಎಂಬ ಮಾತು ಅವರಿಗೆ ನೆರವಾಗುತ್ತದೆ. ನಿಕಾಹಿನ ದಿನದಿಂದ ಮುಂದಕ್ಕೆ ಅದು ನೆರವಿಗೆ ಬರುವುದಿಲ್ಲ. ಹನಫಿ ಶಾಸ್ತ್ರದಂತೆ ವಿವಾಹಕ್ಕೆ ಇಬ್ಬರು ಸಾಕ್ಷಿಗಳು ಅವಶ್ಯ, ತಲಾಕಿಗೆ ಅವಶ್ಯವಲ್ಲ. ಜಾಫರಿ ಶಾಸ್ತ್ರದಂತೆ ವಿವಾಹಕ್ಕೆ ಸಾಕ್ಷಿಗಳು ಅವಶ್ಯವಲ್ಲ, ತಲಾಕಿಗೆ ಇಬ್ಬರು ಬೇಕೇ ಬೇಕು. ಹೆಂಡತಿಯನ್ನು ಕೋಪದ ಒಂದು ಮಾತಿನಿಂದ ತ್ಯಜಿಸಲಾಗದಂತೆ ಈ ಎರಡನೆಯ ನಿಯಮ ತಡೆಯಬಲ್ಲುದೆಂಬುದನ್ನು ಮದುಮಗಳು ಅರಿತಿರುವುದು ಒಳ್ಳೆಯದಲ್ಲವೆ? ಮುಂದೆ ಅವರಿಗೆ ಒಬ್ಬಳೇ ಮಗಳು ಹುಟ್ಟಿ, ಇಂಗ್ಲೆಂಡಿನ ಕಾನೂನು ಕೊಡುವ ಸ್ವಾತಂತ್ರ್ಯದಂತೆ ತಂದೆ ಉಯಿಲು ಬರೆಯಲು ಕುಳಿತನೆನ್ನಿ. ಹನಫಿ ಶಾಸ್ತ್ರವು ಆ ಮಗಳಿಗೆ ಅರ್ಧಭಾಗವನ್ನು ವಿಧಿಸಿ, ಉಳಿದವರ ನಿಯತ ಪಾಲುಗಳು ಸಂದ ಮೇಲೆ ಮಿಕ್ಕದ್ದನ್ನು ತಂದೆಯ ಸೋದರನಂಥ ಗಂಡುಸಂಬಂಧಿಗಳ ಕಡೆಗೆ ಒಯ್ಯುತ್ತದೆ. ಜಾಫರಿ ಶಾಸ್ತ್ರದಲ್ಲಿ ಮಗಳಿರುವಾಗ ಆ ಸೋದರನಿಗೆ ಏನೂ ಇಲ್ಲ, ಮಿಕ್ಕದ್ದೂ ಮಗಳದೇ. ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆಗೆ ಬರಿಯ ಮುಸಲ್ಮಾನನೆಂಬ ಉತ್ತರದಲ್ಲಿ ಏನೂ ದೊರೆಯದು. ಊರಿನ ಸುನ್ನಿ ಇಮಾಮರನ್ನೂ ಶಿಯಾ ಆಲಿಮರನ್ನೂ ಒಟ್ಟಿಗೆ ಕೂರಿಸಿ, ಅವರಿಬ್ಬರ ಕಾರಣಗಳನ್ನು ಕೇಳಿ ತಿಳಿದು, ಗಂಡಹೆಂಡಿರು ನಿರ್ಧರಿಸಬೇಕು. ಅಂಥ ದಂಪತಿಗಳು ಬಂದು ಕೇಳಿದಾಗ ಒಟ್ಟಿಗೆ ಕೂರಲು ಒಪ್ಪುವ ಪಂಡಿತರನ್ನು ಸಿದ್ಧಪಡಿಸುವುದು ಅಲ್ಲಿನ ಮಸೀದಿಗಳೂ ವಿದ್ಯಾಪೀಠಗಳೂ ಈಗಲೇ ಕೈಗೊಳ್ಳಬೇಕಾದ ಕೆಲಸ.